ಪ್ರಾರ್ಥನೆ ಮುಗಿದ ಮೇಲೆ ಲೆಕ್ಕ

ಕಾಲೇಜು ಶುರುವಾದ ತಿಂಗಳೊಪ್ಪತ್ತಿನಲ್ಲಿ ಕ್ರೈಸ್ತ ವಿದ್ಯಾರ್ಥಿ ಕೂಟಗಳಲ್ಲಿ ಹೊಸ ಪದಾಧಿಕಾರಿಗಳ ಆಯ್ಕೆ ನಡೆಯುತ್ತದೆ. ಅಧ್ಯಕ್ಷ ಯಾರಾಗಬೇಕು ಎಂದು ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ. ಕಾರ್ಯದರ್ಶಿಯಾಗುವವರಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕೇ ಎಂಬ ಚರ್ಚೆ ಅರ್ಧ ಗಂಟೆ ಎಳೆಯುತ್ತದೆ. ಹಾಡಿನ ತಂಡಕ್ಕಂತೂ ಗಿಟಾರ್ ಹಿಡಿದವರೇ ನಾಲ್ಕು ಜನ ತಯಾರು. ಕೊನೆಗೆ ಉಳಿಯುವುದು ಖಜಾಂಚಿಯ ಜಾಗ. ಅಷ್ಟು ಹೊತ್ತಿಗೆ ಎಲ್ಲರ ಹೊಟ್ಟೆಯೂ ಚುರುಗುಡುತ್ತಿರುತ್ತದೆ. ‘ನೀನು ಬಿಕಾಂ ಅಲ್ವಾ? ನೀನೇ ಆಗಿಬಿಡು’ ಎಂದು ಯಾರೋ ಹೇಳುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ಮುಗಿಯಿತು.

ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಲೆಕ್ಕವನ್ನೇ ಕಸುಬು ಮಾಡಿಕೊಂಡಿದ್ದವನು ಮತ್ತಾಯ. ಸುಂಕದ ಕಟ್ಟೆಯಿಂದ ಎದ್ದು ಹಿಂದೆ ಬಂದವನು ಅವನು. ಆದರೆ ಹಣದ ಚೀಲ ಇದ್ದದ್ದು ಇಸ್ಕರಿಯೋತ ಯೂದನ ಕೈಯಲ್ಲಿ. ಬೇಥಾನ್ಯದ ಮನೆಯಲ್ಲಿ ಮರಿಯಳು ಬೆಲೆಬಾಳುವ ತೈಲವನ್ನು ಯೇಸುವಿನ ಪಾದಕ್ಕೆ ಹಚ್ಚಿದಾಗ, ಅದನ್ನು ಮುನ್ನೂರು ನಾಣ್ಯಕ್ಕೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಆಕ್ಷೇಪ ತೆಗೆದವನೂ ಅವನೇ. ಆಗಿನ ಕಾಲಕ್ಕೆ ಅದು ಕೂಲಿಯಾಳೊಬ್ಬನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಯೂದ ಚೀಲಕ್ಕೆ ಕೈ ಹಾಕುತ್ತಿದ್ದ ಎಂಬುದನ್ನು ಯೋಹಾನನ ಸುವಾರ್ತೆ ಮುಚ್ಚಿಡದೆ ಹೇಳುತ್ತದೆ. ಕ್ರೈಸ್ತ ಕೂಟವೊಂದರ ಮೊದಲ ಖಜಾಂಚಿಯ ಕಥೆ ಹೀಗಿದ್ದೂ, ಆ ಜಾಗಕ್ಕೆ ಜನ ಹುಡುಕುವಾಗ ನಾವು ಇಷ್ಟು ನಿರಾಳವಾಗಿರುವುದು ನನಗೆ ಸೋಜಿಗ.

ನಾನು ಕಾಮರ್ಸ್ ಪಾಠ ಹೇಳುವ ಮೇಷ್ಟ್ರು. ಮಾರ್ಚ್ ಬಂತೆಂದರೆ ಇಂಥ ಕೂಟಗಳ ಮಕ್ಕಳು ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲುಗಳನ್ನು ತುರುಕಿಕೊಂಡು, ‘ಸಾರ್, ಸ್ವಲ್ಪ ನೋಡಿಕೊಡ್ತೀರಾ’ ಎಂದು ಬರುತ್ತಾರೆ. ಆ ಕವರುಗಳನ್ನು ಬಿಡಿಸಿ ಬಿಡಿಸಿ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಇಂಥ ಕಡೆ ಹಣ ತಿನ್ನುವವರು ತೀರಾ ಕಡಿಮೆ. ಹಣ ತಿನ್ನದೇ ಹೆಸರು ಕೆಡಿಸಿಕೊಳ್ಳುವವರು ಬೇಕಾದಷ್ಟು ಮಂದಿ. ಅದಕ್ಕೆ ಕಾರಣ ಅವರಲ್ಲ, ಅವರನ್ನು ಲೆಕ್ಕ ಕೇಳದೆ ಬಿಟ್ಟ ನಾವು.

ಈ ಕೂಟಗಳ ಪರಿಚಯವಿಲ್ಲದವರಿಗೆ ಒಂದೆರಡು ಮಾತು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೇನಾ ಎಂಬ ಊರಿನ ಕೋಟೆಯಲ್ಲಿ ಸೇರಿದ ಕೆಲವರು ಕ್ರೈಸ್ತ ವಿದ್ಯಾರ್ಥಿಗಳ ವಿಶ್ವ ಒಕ್ಕೂಟ ಕಟ್ಟಿದರು. ಅದರ ಹಿಂದಿನ ಮುಖ್ಯ ವ್ಯಕ್ತಿ ಜಾನ್ ಮಾಟ್‌ಗೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಹುಟ್ಟಿದ್ದು 1912ರಲ್ಲಿ. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ಮಿಷನ್ ರಸ್ತೆಯಲ್ಲೇ ಇದೆ. ಕಥೋಲಿಕ ವಿದ್ಯಾರ್ಥಿಗಳ ಐಕಫ್ 1924ರದ್ದು, ಇವಾಂಜೆಲಿಕಲ್ ವಿದ್ಯಾರ್ಥಿಗಳ ಯುಇಎಸ್‌ಐ 1954ರದ್ದು. ಹೆಸರು, ಸಭೆ, ಸಿದ್ಧಾಂತ ಬೇರೆಬೇರೆ. ಕಾಲೇಜಿನ ಮಟ್ಟಕ್ಕೆ ಇಳಿದರೆ ಎಲ್ಲ ಕಡೆಯೂ ಚಿತ್ರ ಒಂದೇ: ಇಪ್ಪತ್ತೋ ಮೂವತ್ತೋ ಮಕ್ಕಳು, ವಾರಕ್ಕೊಂದು ಬೈಬಲ್ ಅಧ್ಯಯನ, ತಿಂಗಳಿಗೊಂದು ಪ್ರಾರ್ಥನಾ ಕೂಟ, ವರ್ಷಕ್ಕೊಂದು ಶಿಬಿರ, ಡಿಸೆಂಬರಿನಲ್ಲಿ ಕ್ಯಾರಲ್. ವಾರದ ಕಾಣಿಕೆಯ ಬುಟ್ಟಿಯಲ್ಲಿ ಹತ್ತಿಪ್ಪತ್ತು ರೂಪಾಯಿಯ ನೋಟುಗಳು. ಇದೇನು ಮಹಾ ಹಣ ಎಂದು ಕೇಳಬಹುದು. ಶಿಬಿರದ ತಿಂಗಳಲ್ಲಿ ಮಾತ್ರ ಅದೇ ಹತ್ತೊಂಬತ್ತರ ಹುಡುಗನ ಕೈಯಲ್ಲಿ ಎಂಬತ್ತು ಸಾವಿರ, ಲಕ್ಷ ಓಡಾಡುತ್ತದೆ. ಅಷ್ಟನ್ನು ಅವನ ಅಪ್ಪ ಒಮ್ಮೆಗೆ ಕೈಯಲ್ಲಿ ಹಿಡಿದಿರುವುದೂ ಸಂದೇಹ.

‘ನಮ್ಮವನೇ ಅಲ್ವಾ, ಲೆಕ್ಕ ಯಾಕೆ?’ ಎಂಬ ಮಾತು ಈ ಕೂಟಗಳಲ್ಲಿ ಪ್ರೀತಿಯಿಂದಲೇ ಬರುತ್ತದೆ. ಒಟ್ಟಿಗೆ ಮೊಣಕಾಲೂರಿದವರು ಒಬ್ಬರನ್ನೊಬ್ಬರು ಬಿಲ್ ಕೇಳುವುದು ಹೇಗೆ ಎಂಬ ಸಂಕೋಚ ಅದು. ಬಿಲ್ ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಎಂದು ಮುಖ ಸಣ್ಣದಾಗುತ್ತದೆ. ಇದೇ ಜನ ಬೆನ್ನ ಹಿಂದೆ, ಜೇನು ಕಿತ್ತವನು ಕೈ ನೆಕ್ಕದೇ ಇರ್ತಾನಾ ಎಂದು ನಗುವುದನ್ನೂ ಕೇಳಿದ್ದೇನೆ. ಎದುರಿಗೆ ಪೂರ್ತಿ ನಂಬಿಕೆ, ಹಿಂದೆ ಪೂರ್ತಿ ಅನುಮಾನ. ಎರಡಕ್ಕೂ ನಡುವೆ ಒಂದು ಕ್ಯಾಶ್ ಬುಕ್ ಇದ್ದಿದ್ದರೆ ಎರಡರ ಅಗತ್ಯವೂ ಇರುತ್ತಿರಲಿಲ್ಲ.

ಈ ಸಂಕೋಚಕ್ಕೆ ಬೈಬಲ್ಲಿನ ಆಧಾರ ಹುಡುಕುವವರೂ ಇದ್ದಾರೆ. ಅರಸುಗಳ ಎರಡನೆಯ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ, ದೇವಾಲಯದ ದುರಸ್ತಿಯ ಹಣ ಪಡೆದ ಮೇಸ್ತ್ರಿಗಳನ್ನು ಯಾರೂ ಲೆಕ್ಕ ಕೇಳಲಿಲ್ಲ, ಏಕೆಂದರೆ ಅವರು ನಂಬಿಗಸ್ತರಾಗಿದ್ದರು ಎಂಬ ಅರ್ಥದ ಮಾತು ಬರುತ್ತದೆ. ಅದನ್ನು ತೋರಿಸಿ ‘ನೋಡಿ ಸಾರ್’ ಎಂದ ಅಧ್ಯಕ್ಷರನ್ನು ನಾನು ಕಂಡಿದ್ದೇನೆ. ಅದೇ ಅಧ್ಯಾಯವನ್ನು ನಾಲ್ಕಾರು ವಚನ ಹಿಂದಿನಿಂದ ಓದಬೇಕು. ಯಾಜಕರ ಕೈಗೆ ಹಣ ಕೊಟ್ಟು ವರ್ಷಗಟ್ಟಲೆ ಕಾದರೂ ದುರಸ್ತಿ ಆಗಿರಲಿಲ್ಲ. ಆಮೇಲೆ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆ ತರಿಸಿ, ಮುಚ್ಚಳಕ್ಕೆ ತೂತು ಕೊರೆಸಿ, ಬಲಿಪೀಠದ ಪಕ್ಕದಲ್ಲಿ ಇಡಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಕಡೆಯ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲ ಕಟ್ಟುತ್ತಿದ್ದರು. ಎಣಿಕೆಯಾದ ಮೇಲೆಯೇ ಅದು ಮೇಸ್ತ್ರಿಗಳಿಗೆ ಹೋಗುತ್ತಿದ್ದುದು. ಲೆಕ್ಕ ಕೇಳದೆ ಬಿಟ್ಟದ್ದು ಗಾರೆ ಕೆಲಸದವರನ್ನು, ಪೆಟ್ಟಿಗೆಯ ಬೀಗದ ಕೈ ಹಿಡಿದವರನ್ನು ಅಲ್ಲ.

ಪೌಲನಂತೂ ಇನ್ನೂ ಜಾಗರೂಕ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯದ ಸಭೆಗಳಿಂದ ಅವನು ಹಣ ಎತ್ತಿದ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ಒಂದಿಷ್ಟು ತೆಗೆದಿಡಿ ಎಂದು ಕೊರಿಂಥದವರಿಗೆ ಬರೆದ. ತಾನು ಬಂದಾಗ ಅವಸರದಲ್ಲಿ ಎತ್ತುವುದು ಬೇಡ ಎಂಬುದು ಅವನ ಯೋಚನೆ. ಹಣ ಒಯ್ಯುವವರನ್ನು ನೀವೇ ಆರಿಸಿ ಎಂದೂ ಹೇಳಿದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ದೇವರ ಮುಂದೆ ಸರಿಯಿದ್ದರೆ ಸಾಲದು, ಜನರ ಮುಂದೆಯೂ ಸರಿಯಿರಬೇಕು ಎಂಬುದು ಅವನ ಎರಡನೆಯ ಪತ್ರದ ತಾತ್ಪರ್ಯ. ಅವನ ಮಾತನ್ನು ಅನುಮಾನಿಸುವ ಧೈರ್ಯ ಇದ್ದವರು ಆಗಲೇ ಕೊರಿಂಥದಲ್ಲಿ ಇದ್ದರು. ಅದಕ್ಕೇ ಅವನು ಮುಖ ಸಣ್ಣ ಮಾಡಿಕೊಳ್ಳದೆ ಸಾಕ್ಷಿಗಳನ್ನು ಜೊತೆಗಿಟ್ಟುಕೊಂಡ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮವಾದದ್ದು. ದಾನ ಕೊಡುವಾಗ ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಅರ್ಥದಲ್ಲಿ ಯೇಸು ಹೇಳಿದ್ದಾರಲ್ಲ, ಹಾಗಿದ್ದರೆ ರಸೀದಿ ಹರಿದು ಹೆಸರು ಬರೆಯುವುದು ಸರಿಯೇ ಎಂದು ಒಬ್ಬ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ಉತ್ತರ ಕೊಟ್ಟವರು ಜಾರ್ಜ್ ಮುಲ್ಲರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆ ತೆರೆದ ಮುಲ್ಲರ್, ಮುಂದೆ ಸಾವಿರಾರು ಮಕ್ಕಳನ್ನು ಸಾಕಿದರು. ಯಾರ ಮುಂದೆಯೂ ಕೈ ಚಾಚದೆ ಪ್ರಾರ್ಥನೆಯೊಂದನ್ನೇ ನಂಬಿದರು ಎಂದು ನಮ್ಮ ಪ್ರಸಂಗಗಳಲ್ಲಿ ಅವರ ಹೆಸರು ಬರದ ವರ್ಷವಿಲ್ಲ. ಅವರು ವರ್ಷವರ್ಷವೂ ಜಮಾ-ಖರ್ಚಿನ ವರದಿ ಅಚ್ಚು ಹಾಕಿಸುತ್ತಿದ್ದರು ಎಂಬ ಭಾಗವನ್ನು ಪ್ರಸಂಗಿಗಳು ಯಾಕೋ ಬಿಟ್ಟುಬಿಡುತ್ತಾರೆ. ದಾನಿಗಳ ಹೆಸರನ್ನು ಅವರು ಹಾಕುತ್ತಿರಲಿಲ್ಲ. ರಸೀದಿಗೆ ಒಂದು ಸಂಖ್ಯೆ ಇರುತ್ತಿತ್ತು, ವರದಿಯಲ್ಲಿ ಆ ಸಂಖ್ಯೆಯ ಮುಂದೆ ಮೊತ್ತ ಇರುತ್ತಿತ್ತು. ಕೊಟ್ಟವನು ತನ್ನ ಸಂಖ್ಯೆ ಹುಡುಕಿ, ತಾನು ಕೊಟ್ಟ ಹಣ ಸೇರಿದೆಯೇ ಎಂದು ನೋಡಿಕೊಳ್ಳಬಹುದು. ಪಕ್ಕದ ಮನೆಯವನಿಗೆ ಅದು ಗೊತ್ತಾಗುವುದಿಲ್ಲ. ಗುಟ್ಟು ಕಾಯಬೇಕಾದ್ದು ಕೊಡುವವನ ಕೈ. ಪಡೆಯುವವನ ಪೆನ್ನಿಗೆ ಆ ವಿನಾಯಿತಿ ಇಲ್ಲ.

ಚಿಲ್ಲರೆ ಕಾಸಿನ ಲೆಕ್ಕಕ್ಕೆ ನಮ್ಮ ಕರಾವಳಿಗೂ ಒಂದು ನಂಟಿದೆ. ಮಂಗಳೂರಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲ ನಡೆಸಿತು. ಆ ಮಿಷನ್ನಿಗೆ ತವರಿನಿಂದ ಬರುತ್ತಿದ್ದ ಹಣದಲ್ಲಿ ಒಂದು ಪಾಲು, 1855ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಅರ್ಧ ಬಾಟ್ಸನ್ ಕಾಣಿಕೆಯದ್ದು. ಬಾಟ್ಸನ್ ಅಲ್ಲಿನ ಹಳೆಯ ಸಣ್ಣ ನಾಣ್ಯ. ಬಡವರೂ ವಾರಕ್ಕೆ ಅರ್ಧ ಬಾಟ್ಸನ್ ಕೊಡುವುದು, ಮನೆಮನೆಯಿಂದ ಅದನ್ನು ಕೂಡಿಸಿ ಕಳಿಸುವುದು ಅದರ ಕ್ರಮ. ವಾರಕ್ಕೆ ಹತ್ತು ರೂಪಾಯಿಯ ನಮ್ಮ ಮಕ್ಕಳ ಬುಟ್ಟಿಯನ್ನು ಕಂಡು ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಸಣ್ಣ ಮೊತ್ತವೆಂದೇ ಅದಕ್ಕೆ ಹೆಚ್ಚು ಲೆಕ್ಕ ಬೇಕು.

ಇನ್ನು ಕೆಲಸದ ವಿಷಯ. ಖಜಾಂಚಿಗೆ ಬೇಕಾದ ಸಾಮಾನು ಮೂರೇ: ಉದ್ದ ಗೆರೆಯ ಒಂದು ನೋಟ್‌ಪುಸ್ತಕ, ಅಚ್ಚಿನ ಸಂಖ್ಯೆ ಇರುವ ರಸೀದಿ ಪುಸ್ತಕ, ಬಿಲ್ಲು ಅಂಟಿಸುವ ಒಂದು ಫೈಲು. ನೋಟ್‌ಪುಸ್ತಕದ ಎಡಪುಟದಲ್ಲಿ ಜಮೆ, ಬಲಪುಟದಲ್ಲಿ ಖರ್ಚು. ತಿಂಗಳ ಮೊದಲಿಗೆ ಆರಂಭದ ಶಿಲ್ಕು, ಕೊನೆಗೆ ಆಖೈರು ಶಿಲ್ಕು. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದ ಅಜ್ಜಂದಿರಿಗೆ ಇದು ಬಾಯಿಪಾಠ. ಎಕ್ಸೆಲ್ ಗೊತ್ತಿದ್ದವರು ಅದರಲ್ಲೇ ಮಾಡಲಿ, ತಕರಾರಿಲ್ಲ. ಆದರೆ ಎಕ್ಸೆಲ್‌ನಲ್ಲಿ ಹಳೆಯ ಅಂಕಿಯನ್ನು ಅಳಿಸಿದ್ದು ಕಾಣುವುದಿಲ್ಲ, ಪುಸ್ತಕದಲ್ಲಿ ಗೀಟು ಹಾಕಿದ್ದು ಕಾಣುತ್ತದೆ. ನಾನು ಪುಸ್ತಕದ ಪಕ್ಷ.

ತರಕಾರಿ ಮಂಡಿಯಲ್ಲಿ, ಹೂವಿನ ಅಂಗಡಿಯಲ್ಲಿ, ಆಟೋದಲ್ಲಿ ಬಿಲ್ ಸಿಗುವುದಿಲ್ಲ. ಹಾಗಂತ ಆ ಖರ್ಚನ್ನು ‘ಇತರೆ’ ಎಂದು ಗುಂಡಗೆ ಬರೆದು ಕೈತೊಳೆದುಕೊಳ್ಳಬಾರದು. ಒಂದು ವೋಚರ್ ಬರೆದು, ತಾರೀಕು, ಯಾವುದಕ್ಕೆ, ಯಾರಿಗೆ, ಎಷ್ಟು ಎಂದು ಹಾಕಿ, ಖರ್ಚು ಮಾಡಿದವರೂ ಜೊತೆಗಿದ್ದ ಇನ್ನೊಬ್ಬರೂ ಸಹಿ ಮಾಡಿದರೆ ಸಾಕು. ಅಡುಗೆಯವರಿಗೆ 5,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಅವರ ಸಹಿ. ಕ್ಯಾರಲ್‌ಗೆ ಮನೆಮನೆ ಸುತ್ತಿ ಬಂದ ಡಬ್ಬಿಯನ್ನು ಅದೇ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಇಬ್ಬರು ಕೂತು ಎಣಿಸಿ ಚೀಟಿಗೆ ಸಹಿ ಹಾಕಬೇಕು. ‘ಬೆಳಿಗ್ಗೆ ನೋಡೋಣ’ ಎಂದು ಹಾಸ್ಟೆಲಿನ ಮಂಚದ ಕೆಳಗಿಟ್ಟ ಡಬ್ಬಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದೇ ಇರಬಹುದು. ಅದನ್ನು ಆಮೇಲೆ ಸಾಬೀತು ಮಾಡಲು ಮಾತ್ರ ಆಗುವುದಿಲ್ಲ.

ಈಗಿನ ದೊಡ್ಡ ತೊಡಕು ಡಬ್ಬಿಯದ್ದಲ್ಲ, ಮೊಬೈಲಿನದ್ದು. ಕೂಟಕ್ಕೆ ಖಾತೆ ಇರುವುದಿಲ್ಲ. ಖಜಾಂಚಿಯ ಸ್ವಂತ ಕ್ಯೂಆರ್ ಕೋಡನ್ನೇ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಶಿಬಿರದ ಶುಲ್ಕ, ಅಮ್ಮ ಕಳಿಸಿದ ಮೆಸ್ ಹಣ, ಗೆಳೆಯ ವಾಪಸ್ ಕೊಟ್ಟ ಇನ್ನೂರು, ತಾನು ಕುಡಿದ ಕಾಫಿ, ಎಲ್ಲ ಒಂದೇ ಖಾತೆಯಲ್ಲಿ. ತಿಂಗಳ ಕೊನೆಗೆ ಯಾವುದು ಯಾರದು ಎಂದು ಬಿಡಿಸುವುದು ಅಕ್ಕಿಯಲ್ಲಿ ಬಿದ್ದ ಸಕ್ಕರೆ ಆರಿಸಿದ ಹಾಗೆ. ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಖಾತೆಗೆ ಬಂದ ಯಾವುದೋ ಒಂದು ಪಾವತಿಗೆ ಸೈಬರ್ ವಂಚನೆಯ ನಂಟಿದೆ ಎಂಬ ಶಂಕೆ ಬಂದರೆ ಪೊಲೀಸರು ಖಾತೆಗೆ ತಡೆ ಹಾಕಿಸುತ್ತಾರೆ. ಹಣ ಕಳಿಸಿದವರೆಲ್ಲ ಪರಿಚಿತರಾಗಿದ್ದರೆ ಪರವಾಗಿಲ್ಲ. ಕ್ಯಾರಲ್‌ನಲ್ಲಿ ಕ್ಯೂಆರ್ ಕೋಡು ಹಿಡಿದು ಬೀದಿ ಸುತ್ತಿದರೆ ಯಾರು ಕಳಿಸಿದರು ಎಂದು ಹೇಗೆ ಹೇಳುವುದು? ಪರೀಕ್ಷೆ ಶುಲ್ಕ ಕಟ್ಟುವ ಹೊತ್ತಿಗೆ ಹುಡುಗನ ಸ್ವಂತ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ.

ನೋಂದಣಿ ಇಲ್ಲದ ಕೂಟಕ್ಕೂ ಬ್ಯಾಂಕ್ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿ ಇದೆ. ಕಾರ್ಯಕಾರಿ ಸಮಿತಿಯ ಠರಾವು, ವ್ಯವಹಾರ ಮಾಡುವವರಿಗೆ ಅಧಿಕಾರ ಪತ್ರ, ಪ್ಯಾನ್ ಅಥವಾ ಫಾರಂ 60, ಸಹಿದಾರರ ಗುರುತಿನ ದಾಖಲೆ ಕೇಳುತ್ತಾರೆ. ಶಾಖೆಯ ಮ್ಯಾನೇಜರು ಇದನ್ನೆಲ್ಲ ನೋಡಿ ‘ಯಾಕಪ್ಪ ಈ ತಲೆನೋವು’ ಎಂದು ಸಾಗಹಾಕುವುದೇ ಹೆಚ್ಚು, ಅದು ಬೇರೆ ಮಾತು. ಅದಾಗದಿದ್ದರೆ ಕಾಲೇಜಿನ ಅಥವಾ ಸ್ಥಳೀಯ ಚರ್ಚಿನ ಖಾತೆಯಲ್ಲಿ ಕೂಟದ ಹೆಸರಿಗೆ ಪ್ರತ್ಯೇಕ ಲೆಕ್ಕ ಇಡಿಸಬಹುದು. ಅದೂ ಆಗದಿದ್ದರೆ, ಕೊನೆಯ ಪಕ್ಷ, ಬೇರೆ ಯಾವ ಕೆಲಸಕ್ಕೂ ಬಳಸದ ಇನ್ನೊಂದು ಉಳಿತಾಯ ಖಾತೆ. ಇಬ್ಬರ ಸಹಿ ಬೇಕಾದ ಖಾತೆಯಿಂದ ಸಾಮಾನ್ಯವಾಗಿ ಯುಪಿಐನಲ್ಲಿ ಹಣ ಹೊರಗೆ ಹೋಗುವುದಿಲ್ಲ, ಚೆಕ್ಕೇ ಗತಿ. ಮಕ್ಕಳು ಇದನ್ನು ದೊಡ್ಡ ತೊಂದರೆ ಎನ್ನುತ್ತಾರೆ. ನನಗೆ ಅದೇ ಅದರ ಗುಣ.

ಶಿಬಿರದ ಲೆಕ್ಕಕ್ಕೆ ಬರೋಣ. ಖಜಾಂಚಿ ನಿಜವಾಗಿ ಬೆವರುವುದು ಇಲ್ಲೇ. ಉದಾಹರಣೆಗೆ ಮೂರು ದಿನದ ಶಿಬಿರ, ಎಂಬತ್ತು ಜನ ಎಂದಿಟ್ಟುಕೊಳ್ಳಿ. ಜಾಗದ ಬಾಡಿಗೆ 18,000, ಬಸ್ಸು 11,200, ಮೈಕ್ 4,000, ಉಪನ್ಯಾಸಕರ ಪ್ರಯಾಣ ಮತ್ತು ಗೌರವಧನ 5,000, ಅಚ್ಚಿನ ಖರ್ಚು 1,800. ಒಟ್ಟು 40,000. ಎಷ್ಟು ಜನ ಬಂದರೂ ಇದು ಬದಲಾಗದು. ಊಟಕ್ಕೆ ತಲೆಗೆ 550, ಎಂಬತ್ತು ಜನಕ್ಕೆ 44,000. ಎರಡೂ ಸೇರಿ 84,000, ಅಂದರೆ ತಲೆಗೆ 1,050. ಸಮಿತಿಯವರು ‘ಸಾವಿರ ಇಡೋಣ, ಮಿಕ್ಕ ನಾಲ್ಕು ಸಾವಿರ ನಮ್ಮ ನಿಧಿಯಿಂದ’ ಎಂದು ಖುಷಿಯಾಗಿ ಏಳುತ್ತಾರೆ. ಹೊರಡುವ ದಿನ ಬರುವುದು ಅರವತ್ತೈದೇ ಮಂದಿ. ಒಬ್ಬಳಿಗೆ ಇಂಟರ್ನಲ್ಸ್, ಒಬ್ಬನಿಗೆ ಜ್ವರ, ಇನ್ನೊಬ್ಬನ ಮನೆಯಲ್ಲಿ ಮದುವೆ. ಬಂದವರಲ್ಲಿ ಹತ್ತು ಜನಕ್ಕೆ ಅರ್ಧ ಶುಲ್ಕ. ಬಂದ ಹಣ 60,000. ಅಡುಗೆಯವರು ಎಂಬತ್ತು ಎಂದು ಕೇಳಿ ದಿನಸಿ ತಂದಿದ್ದಾರೆ, ಎಪ್ಪತ್ತೈದು ಎಲೆಗಾದರೂ ದುಡ್ಡು ಕೊಡಿ ಎನ್ನುತ್ತಾರೆ. ಅದು 41,250. ಒಟ್ಟು ಖರ್ಚು 81,250. ಕೊರತೆ 21,250 ರೂಪಾಯಿ. ಯಾರೂ ಒಂದು ಪೈಸೆ ಕದ್ದಿಲ್ಲ, ಯಾರೂ ದುಂದು ಮಾಡಿಲ್ಲ. ಆದರೂ ನಿಧಿ ಖಾಲಿ, ‘ಖಜಾಂಚಿ ಏನು ಮಾಡ್ತಿದ್ದ’ ಎಂಬ ಮಾತು ಮಾತ್ರ ಗ್ಯಾರಂಟಿ.

ಇದಕ್ಕೆ ಮದ್ದು ಎಂಬತ್ತರ ಮೇಲೆ ಶುಲ್ಕ ಕಟ್ಟದಿರುವುದು. ಹೋದ ವರ್ಷ ಹೆಸರು ಕೊಟ್ಟವರೆಷ್ಟು, ಬಸ್ ಹತ್ತಿದವರೆಷ್ಟು ಎಂಬುದು ಹಳೆಯ ಕ್ಯಾಶ್ ಬುಕ್ಕಿನಲ್ಲಿ ಇದ್ದರೆ ಈ ವರ್ಷದ ಬಜೆಟ್ ಅರವತ್ತಕ್ಕೆ ನಿಲ್ಲುತ್ತದೆ. ಅರವತ್ತಕ್ಕೆ ಲೆಕ್ಕ ಹಾಕಿದರೆ ತಲೆಗೆ 1,217 ಬರುತ್ತದೆ. ‘ಅಯ್ಯೋ, ಜಾಸ್ತಿಯಾಯ್ತು’ ಎಂಬ ಕೂಗು ಏಳುತ್ತದೆ. ಹೌದು, ಜಾಸ್ತಿ. ಆ ಕಹಿ ಸುದ್ದಿಯನ್ನು ಜುಲೈನಲ್ಲೇ ಹೇಳುವವನೇ ಒಳ್ಳೆಯ ಖಜಾಂಚಿ, ಅಕ್ಟೋಬರಿನಲ್ಲಿ ಸಾಲ ಎತ್ತುವವನಲ್ಲ.

ಆ ಅರ್ಧ ಶುಲ್ಕದ ಹತ್ತು ಜನರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕೂಟದಲ್ಲಿ ಯಾರ ಮನೆಯ ಪರಿಸ್ಥಿತಿ ಏನು ಎಂಬುದು ಪಾಸ್ಟರಿಗಿಂತ ಮೊದಲು ಗೊತ್ತಾಗುವುದು ಖಜಾಂಚಿಗೆ. ನೋಂದಣಿ ಮೇಜಿನ ಮುಂದೆ ಒಬ್ಬ ಹುಡುಗಿ ನಾಲ್ಕಾಗಿ ಮಡಿಸಿದ ನೂರರ ಮೂರು ನೋಟುಗಳನ್ನು ಚಾಚಿ, ‘ಅಕ್ಕ, ಮಿಕ್ಕಿದ್ದು ಮುಂದಿನ ತಿಂಗಳು’ ಎನ್ನುತ್ತಾಳೆ. ಮುಂದಿನ ತಿಂಗಳೂ ಅದು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಹಿಂದೆ ಸಾಲಿನಲ್ಲಿ ಆರು ಜನ ನಿಂತಿದ್ದಾರೆ. ನಾನು ನೋಡಿದ ಒಬ್ಬ ಖಜಾಂಚಿ ಹುಡುಗಿ ಆಗ ಏನೂ ಮಾತಾಡದೆ ಎಲ್ಲರಿಗೂ ಕೊಡುವಂಥದ್ದೇ ಬ್ಯಾಡ್ಜು, ಅದೇ ಫೈಲು ಕೊಟ್ಟು ಕಳಿಸಿದಳು. ರಾತ್ರಿ ಪುಸ್ತಕದಲ್ಲಿ ಎರಡು ಸಾಲು ಬರೆದಳು: ಶಿಬಿರ ಶುಲ್ಕ, ಕ್ರಮ ಸಂಖ್ಯೆ 41, ನಗದು 300, ಶಿಬಿರ ಶುಲ್ಕ, ಕ್ರಮ ಸಂಖ್ಯೆ 41, ಸಹಾಯ ನಿಧಿಯಿಂದ ವರ್ಗಾವಣೆ 700. ಸಂಖ್ಯೆಗೆ ಹೆಸರು ಜೋಡಿಸುವ ಹಾಳೆ ಅವಳ ಬಳಿ ಒಂದು, ಸಲಹೆಗಾರರಾಗಿದ್ದ ಪ್ರಾಧ್ಯಾಪಕರ ಬಳಿ ಒಂದು. ಸಾಮಾನ್ಯ ಸಭೆಯ ಮುಂದಿಟ್ಟ ಪಟ್ಟಿಯಲ್ಲಿ ಸಂಖ್ಯೆ ಮಾತ್ರ. ಮುಲ್ಲರ್ ಹೆಸರನ್ನೂ ಅವಳು ಕೇಳಿರಲಿಲ್ಲ. ಲೆಕ್ಕ ಪೂರ್ತಿ ಕೂಡಿತು, ಮೂರು ದಿನ ಆ ಇನ್ನೊಬ್ಬ ಹುಡುಗಿ ಎಲ್ಲರ ಜೊತೆ ಎಲ್ಲರಂತೆ ಓಡಾಡಿದಳು.

ಇದರ ಎದುರಿಗೆ ಇಡಬೇಕಾದ್ದು ವಾಟ್ಸ್ಆ್ಯಪ್ ಗುಂಪಿನ ಬಾಕಿ ಪಟ್ಟಿ. ‘ದಯವಿಟ್ಟು ಬೇಗ ಕ್ಲಿಯರ್ ಮಾಡಿ’ ಎಂದು ಕೈಮುಗಿದ ಚಿತ್ರ ಹಾಕಿ, ಕೆಳಗೆ ಹೆಸರು, ಮುಂದೆ ಮೊತ್ತ. ಉದ್ದೇಶ ಕೆಟ್ಟದ್ದಲ್ಲ. ಅದನ್ನು ನೋಡಿದ ಮೇಲೆ ಕೂಟಕ್ಕೇ ಬರುವುದನ್ನು ಬಿಟ್ಟ ಮಕ್ಕಳನ್ನು ನಾನು ಬಲ್ಲೆ. ಪಾರದರ್ಶಕತೆ ಎಂದರೆ ಹಣದ ದಾರಿ ಎಲ್ಲರಿಗೂ ಕಾಣುವುದು. ಬಡವರ ಜೇಬು ಕಾಣಬೇಕೆಂದೇನೂ ಇಲ್ಲ.

ಇನ್ನೊಂದು ಪಂಗಡ ಉದಾರಿಗಳದ್ದು. ‘ಬ್ಯಾನರಿಗೆ ನಾನೇ ಕೈಯಿಂದ ಹಾಕಿದೆ, ಬಿಡು ತಮ್ಮಾ’ ಎನ್ನುವ ಸೀನಿಯರ್ ಅಣ್ಣ. ಒಳ್ಳೆಯ ಮನಸ್ಸೇ ಸರಿ, ಲೆಕ್ಕಕ್ಕೆ ಮಾತ್ರ ಕಂಟಕ. ಅವನ ಎರಡು ಸಾವಿರ ಪುಸ್ತಕಕ್ಕೆ ಏರದಿದ್ದರೆ, ಬ್ಯಾನರಿಗೆ ಖರ್ಚೇ ಇಲ್ಲ ಎಂದು ಮುಂದಿನ ವರ್ಷದವರು ತಿಳಿಯುತ್ತಾರೆ. ಆ ವರ್ಷ ಕೈಯಿಂದ ಹಾಕುವ ಅಣ್ಣ ಇರುವುದಿಲ್ಲ. ಅವನಿಂದ ಬಿಲ್ ಪಡೆದು, ಜಮೆಯಲ್ಲಿ ಎರಡು ಸಾವಿರ ಕಾಣಿಕೆ, ಖರ್ಚಿನಲ್ಲಿ ಎರಡು ಸಾವಿರ ಬ್ಯಾನರ್ ಎಂದು ಬರೆದರೆ ಅವನ ಉಪಕಾರವೂ ದಾಖಲಾಗುತ್ತದೆ. ಕೈಯಿಂದ ಹಾಕುವವರು ತೀರ್ಮಾನಗಳನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳಲು ನೋಡುತ್ತಾರೆ ಎಂಬುದನ್ನು ಇಲ್ಲಿ ಮೆಲ್ಲಗೆ ಸೇರಿಸಿಬಿಡುತ್ತೇನೆ.

ಯಾವುದಕ್ಕೆಂದು ಎತ್ತಿದ ಹಣ ಅದಕ್ಕೇ ಹೋಗಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಮಕ್ಕಳು ಡಬ್ಬಿ ಹಿಡಿದರು. ಅಂಥ ಡಬ್ಬಿಯಿಂದ ‘ಆಮೇಲೆ ಹಾಕಿದರಾಯ್ತು’ ಎಂದು ಶಿಬಿರದ ಮುಂಗಡ ಕಟ್ಟುವುದು ಕಳ್ಳತನ ಅಲ್ಲದಿರಬಹುದು, ಕೊಟ್ಟವರಿಗೆ ಕೊಟ್ಟ ಮಾತಿಗೆ ತಪ್ಪಿದ ಹಾಗೆ ಮಾತ್ರ ಹೌದು. ಶಿಬಿರ ಮುಗಿದು ಹಣ ಮಿಕ್ಕಿದರೂ ಹಾಗೇ. ಪಿಜ್ಜಾ ತರಿಸುವ ಮೊದಲು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಸಿಕೊಳ್ಳಬಹುದು. ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ, ಹೆಚ್ಚಿನದನ್ನು ಹೋಗಿ ಅಲ್ಲೇ ಸುರಿದು ಬಾ ಎಂದವಳು ಆಕೆ. ನಮ್ಮ ನೆಲದಲ್ಲಿ ಇದಕ್ಕಿಂತ ಕಟ್ಟುನಿಟ್ಟಿನ ಖಜಾಂಚಿ ಇನ್ನೊಬ್ಬರಿಲ್ಲ.

ವಿದೇಶದ ಹಣದ ವಿಷಯದಲ್ಲಿ ಮಕ್ಕಳಿಗೆ ಸ್ಪಷ್ಟತೆ ಇಲ್ಲ, ದೊಡ್ಡವರಿಗೂ ಇಲ್ಲ. ಮಂಗಳೂರು, ಉಡುಪಿ ಕಡೆಯ ಕೂಟಗಳಲ್ಲಿ ಹಳೆಯ ಸದಸ್ಯರು ಅರ್ಧಕ್ಕರ್ಧ ದುಬೈ, ಕುವೈತ್, ಮಸ್ಕತ್‌ನಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಆಗುವುದಿಲ್ಲ. ಅಮೆರಿಕದ್ದೋ ಕೆನಡಾದ್ದೋ ಪೌರತ್ವ ಪಡೆದ ಅಣ್ಣ ಕಳಿಸಿದ ಐವತ್ತು ಡಾಲರ್ ಮಾತ್ರ ವಿದೇಶಿ ವಂತಿಗೆಯೇ, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ಅವರು ನಿಮ್ಮ ಪಕ್ಕದ ಬೀದಿಯಲ್ಲೇ ಹುಟ್ಟಿದ್ದರೂ. 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ನೋಂದಣಿಯೋ ಅನುಮತಿಯೋ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇದ್ದವರೂ ಅದನ್ನು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ತರಿಸಬೇಕು, ಬೇರೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಂದರೆ ನೋಂದಣಿ ಇರುವ ದೊಡ್ಡ ಸಂಸ್ಥೆಯೊಂದು ತನ್ನ ಖಾತೆಗೆ ಪಡೆದು ನಿಮಗೆ ಕಳಿಸುವ ಹಳೆಯ ದಾರಿಯೂ ಮುಚ್ಚಿದೆ. ಸಣ್ಣ ಕೂಟದ ಖಜಾಂಚಿಗೆ ನನ್ನ ಸಲಹೆ ಒಂದೇ: ಪ್ರೀತಿಯಿಂದ ಬೇಡ ಎನ್ನಿ. ಕ್ರೈಸ್ತ ಕೂಟ ಎಂಬ ಕಾರಣಕ್ಕೇ ಎರಡು ಕಣ್ಣು ಹೆಚ್ಚು ನೋಡುವ ಕಾಲದಲ್ಲಿ ಐವತ್ತು ಡಾಲರಿಗೆ ಈ ಗೋಜಲು ದುಬಾರಿ. ಹಾಗೆಯೇ, 80ಜಿ ಮಾನ್ಯತೆ ಇಲ್ಲದ ಕೂಟ ದಾನಿಗೆ ತೆರಿಗೆ ವಿನಾಯಿತಿಯ ಆಸೆ ತೋರಿಸಬಾರದು. ಮಾನ್ಯತೆ ಇದ್ದರೂ 2,000 ರೂಪಾಯಿ ಮೀರಿದ ನಗದು ಕಾಣಿಕೆಗೆ ಆ ವಿನಾಯಿತಿ ಸಿಗದು.

ಉಳಿದದ್ದು ಹಸ್ತಾಂತರ. ವಿದ್ಯಾರ್ಥಿ ಕೂಟದ ನೆನಪಿನ ಆಯಸ್ಸು ಮೂರೇ ವರ್ಷ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31, ಮಕ್ಕಳಿಗೆ ಪರೀಕ್ಷೆ ಕತ್ತಿನ ಮೇಲೆ ಕೂತ ಹೊತ್ತು. ಲೆಕ್ಕ ಮುಗಿಸದೆ ಪರೀಕ್ಷೆ ಬರೆದು, ಫಲಿತಾಂಶ ನೋಡಿ, ಬೆಂಗಳೂರಿನ ಕಂಪನಿಗೋ ಊರಿಗೋ ಹೋಗಿಬಿಟ್ಟರೆ ಆಮೇಲೆ ಪಾಸ್‌ಬುಕ್ ಒಂದು ಕಡೆ, ರಸೀದಿ ಪುಸ್ತಕ ಇನ್ನೊಂದು ಕಡೆ. ಒಂದು ಕೂಟದ ಹನ್ನೊಂದು ಸಾವಿರ ರೂಪಾಯಿ ಹಳೆಯ ಖಜಾಂಚಿಯ ಖಾತೆಯಲ್ಲೇ ವರ್ಷಗಟ್ಟಲೆ ಉಳಿದದ್ದನ್ನು ಕಂಡಿದ್ದೇನೆ. ಅವನಿಗೆ ಕೊಡುವ ಮನಸ್ಸಿತ್ತು, ಯಾರಿಗೆ ಕೊಡಬೇಕೆಂದು ಗೊತ್ತಿರಲಿಲ್ಲ; ಕೂಟದವರಿಗೆ ಕೇಳುವ ಮನಸ್ಸಿತ್ತು, ಸಂಕೋಚ. ಫೆಬ್ರವರಿ ಕೊನೆಗೇ ಪುಸ್ತಕ ಕಟ್ಟಿ, ಹಳಬರು ಹೊಸಬರು ಎದುರುಬದುರು ಕೂತು, ಬ್ಯಾಂಕಿನ ಶಿಲ್ಕು, ಕೈಯಲ್ಲಿನ ನಗದು, ಉಳಿದ ರಸೀದಿ ಪುಸ್ತಕದ ಸಂಖ್ಯೆ, ಬಾಕಿ ಬಿಲ್ಲು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರು ಸಹಿ ಮಾಡಿದರೆ ಒಂದು ಸಂಜೆಯ ಕೆಲಸ. ಮಾರ್ಚ್ ತಿಂಗಳ ಸಣ್ಣಪುಟ್ಟ ಲೆಕ್ಕವನ್ನು ಹೊಸಬರು ನೋಡಿಕೊಳ್ಳಲಿ.

ನೀವು ಇಂಥ ಯಾವುದಾದರೂ ಕೂಟದ ಹಳೆಯ ಸದಸ್ಯರಾಗಿದ್ದು ಪ್ರತಿವರ್ಷ ಐನೂರೋ ಸಾವಿರವೋ ಕಳಿಸುತ್ತಿದ್ದರೆ ಒಂದು ಕೋರಿಕೆ. ಈ ಸಲ ಹಣ ಕಳಿಸಿದ ಮೇಲೆ ಫೋನ್ ಮಾಡಿ ರಸೀದಿ ಕೇಳಿ, ಹೋದ ವರ್ಷದ ಜಮಾ-ಖರ್ಚಿನ ಹಾಳೆಯನ್ನೂ ಕೇಳಿ. ಬಂದರೆ ಓದಿ ನೋಡಿ, ಖಜಾಂಚಿಗೆ ಒಂದು ಒಳ್ಳೆಯ ಮಾತು ಹೇಳಿ. ಬರದಿದ್ದರೆ ಹಣ ನಿಲ್ಲಿಸಬೇಡಿ, ಒಂದು ಶನಿವಾರ ಬಿಡುವು ಮಾಡಿಕೊಂಡು ಹೋಗಿ ಆ ಹುಡುಗನ ಜೊತೆ ಕೂತು ಬಿಲ್ಲುಗಳನ್ನು ಅಂಟಿಸಿಕೊಡಿ.